ಅಷ್ಟು ದುಡ್ಡಿರುವವನಿಗೆ ಸೋಶಿಯಲ್ ಮೀಡಿಯಾ ಕಂಪನಿಯ ಉಸಾಬರಿ ಯಾಕೆ?

ಲೆಕ್ಕದಪುಸ್ತಕ:
ಹಳೆಯ ವಿಷಯ ಅಂತ ಗೊತ್ತು. ಆದರೂ ನನಗೆ ಇನ್ನೂ ಅರ್ಥವಾಗಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. 2022ರಲ್ಲಿ ಇಲಾನ್ ಮಸ್ಕ್ ಟ್ವಿಟ್ಟರ್ ಕೊಂಡರಲ್ಲ, ಷೇರಿಗೆ 54.20 ಡಾಲರ್, ಒಟ್ಟು ಸುಮಾರು 4,400 ಕೋಟಿ ಡಾಲರ್. ನಾನು ಆಡಿಟ್ ಕೆಲಸದವನು, ಏನೇ ಆದರೂ ಮೊದಲು ಕಣ್ಣು ಹೋಗುವುದು ಲೆಕ್ಕದ ಮೇಲೆ. ಅದರ ಹಿಂದಿನ ವರ್ಷ ಕಂಪನಿಯ ಆದಾಯ 508 ಕೋಟಿ ಡಾಲರ್, ನಷ್ಟ 22 ಕೋಟಿ. 2013ರಲ್ಲಿ ಷೇರುಪೇಟೆಗೆ ಬಂದಾಗಿನಿಂದ ಇಡೀ ವರ್ಷದ ಲಾಭ ತೋರಿಸಿದ್ದು ಎರಡೇ ಸಲ, 2018 ಮತ್ತು 2019. ಇಂಥ ಕಂಪನಿಗೆ ಆದಾಯದ ಎಂಟು ಪಟ್ಟಿಗಿಂತ ಜಾಸ್ತಿ ಕೊಟ್ಟಿದ್ದಾರೆ. ನನ್ನ ಕಕ್ಷಿದಾರರು ಯಾರಾದರೂ ಹೀಗೆ ಮಾಡಲು ಹೊರಟರೆ ಕೈ ಹಿಡಿದು ಕೂರಿಸುತ್ತೇನೆ.

ವಾಕ್ ಸ್ವಾತಂತ್ರ್ಯಕ್ಕಾಗಿ ಕೊಂಡೆ ಅಂತ ಅವರು ಹೇಳಿದ್ದು ಗೊತ್ತು. ದಯವಿಟ್ಟು ಅದನ್ನೇ ಮತ್ತೆ ಹೇಳಬೇಡಿ. ಕಾರು ಇದೆ, ರಾಕೆಟ್ ಇದೆ. ಅದರ ಜೊತೆ ಇದು ಯಾಕೆ?

ತಲೆಹರಟೆ:
ದುಡ್ಡು ಜಾಸ್ತಿ ಆಗಿತ್ತು. ಮುಗೀತು. ಥ್ರೆಡ್ ಮುಚ್ಚಿ.

ಗೂಬೆಕಣ್ಣು:
ಲೆಕ್ಕದ ಕಡೆಯಿಂದ ನೋಡಿದರೆ ಇದು ಅರ್ಥವಾಗುವುದಿಲ್ಲ ಸಾರ್. ಟೆಸ್ಲಾ ಎಷ್ಟೋ ವರ್ಷ ಜಾಹೀರಾತಿಗೆ ದುಡ್ಡೇ ಹಾಕಲಿಲ್ಲ, ನೆನಪಿದೆಯಾ? ಬೇರೆ ಕಾರು ಕಂಪನಿಗಳು ಅದಕ್ಕೆ ರಾಶಿ ರಾಶಿ ಸುರಿಯುತ್ತವೆ. ಟೆಸ್ಲಾಗೆ ಜಾಹೀರಾತು ಅಂದರೆ ಮಸ್ಕ್ ಖಾತೆ. 2022ರ ಏಪ್ರಿಲ್‌ನಲ್ಲೇ ಆತನಿಗೆ 8 ಕೋಟಿ ಫಾಲೋವರ್ಸ್ ಇದ್ದರು. ಆತ ಒಂದು ಸಾಲು ಬರೆದರೆ ಷೇರು ಏರುತ್ತಿತ್ತು, ಇನ್ನೊಂದು ಸಾಲು ಬರೆದರೆ ಇಳಿಯುತ್ತಿತ್ತು. 2018ರಲ್ಲಿ ಟೆಸ್ಲಾವನ್ನು 420 ಡಾಲರ್‌ಗೆ ಖಾಸಗಿ ಮಾಡುತ್ತೇನೆ, ಹಣ ಸಿದ್ಧವಿದೆ ಅಂತ ಒಂದು ಟ್ವೀಟ್ ಹಾಕಿದ್ದಕ್ಕೆ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಆತನಿಗೆ 2 ಕೋಟಿ, ಕಂಪನಿಗೆ 2 ಕೋಟಿ ಡಾಲರ್ ದಂಡ ಹಾಕಿಸಿತು, ಟೆಸ್ಲಾ ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನವೂ ಹೋಯಿತು. ಆದರೂ ಟ್ವೀಟ್ ಮಾಡುವುದು ಬಿಟ್ಟನಾ? ಇಲ್ಲ.

ಅಂದರೆ ತನ್ನ ವ್ಯಾಪಾರದ ಪ್ರಚಾರವೆಲ್ಲಾ ಬೇರೆಯವರ ಕಟ್ಟಡದಲ್ಲಿ ಬಾಡಿಗೆಗೆ ಇಟ್ಟುಕೊಂಡಂತೆ ಇತ್ತು. ಅದೇ ಮಾಲೀಕರು 2021ರ ಜನವರಿ 8ರಂದು ಆಗಿನ ಅಮೆರಿಕದ ಅಧ್ಯಕ್ಷ ಟ್ರಂಪ್‌ನನ್ನೇ ಹೊರಗೆ ಹಾಕಿದರು. ಅಧ್ಯಕ್ಷನಿಗೇ ಹಾಗಾದರೆ ನನ್ನ ಗತಿ ಏನು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಮಳೆಹುಳ:
ಆದರೆ ಮಸ್ಕ್‌ನನ್ನು ಯಾರೂ ಹೊರಗೆ ಹಾಕುವ ಮಾತೇ ಆಡಿರಲಿಲ್ಲ. ಟ್ವಿಟ್ಟರ್‌ಗೆ ಆತ ಇದ್ದರೇನೇ ಲಾಭ. ಜನ ಬರುತ್ತಿದ್ದದ್ದೇ ಇಂಥವರ ಜಗಳ ನೋಡೋಕೆ.

ಗೂಬೆಕಣ್ಣು:
@ಮಳೆಹುಳ ಮಾತು ಆಡಿದ ಮೇಲೆ ಕೊಳ್ಳೋಕೆ ಹೋದರೆ ತಡವಾಗುತ್ತೆ ಮೇಡಂ.

ಕರಾರುಪತ್ರ:
ಎಲ್ಲರೂ "ಯಾಕೆ ಕೊಂಡ" ಅಂತ ಕೇಳುತ್ತಿದ್ದೀರಿ. ಆತ ಕೊಳ್ಳದೇ ಇರೋಕೆ ಎಷ್ಟು ಒದ್ದಾಡಿದ ಅನ್ನೋದನ್ನು ಯಾರೂ ಹೇಳುತ್ತಿಲ್ಲ. ನನ್ನ ವೃತ್ತಿ ಕಂಪನಿ ಒಪ್ಪಂದಗಳದ್ದು, ಆ ವರ್ಷ ಈ ಕೇಸಿನ ಒಂದೊಂದು ಕಾಗದವನ್ನೂ ಧಾರಾವಾಹಿ ನೋಡಿದ ಹಾಗೆ ಓದಿದ್ದೆ.

ಏಪ್ರಿಲ್ 4ಕ್ಕೆ ಆತನ ಬಳಿ 9.2% ಷೇರು ಇದೆ ಅಂತ ಹೊರಬಿತ್ತು. ಆಡಳಿತ ಮಂಡಳಿಗೆ ಬರುತ್ತೇನೆ ಅಂದ, ಕೆಲವೇ ದಿನದಲ್ಲಿ ಬರಲ್ಲ ಅಂದ. 14ಕ್ಕೆ ಪೂರ್ತಿ ಕಂಪನಿ ಕೊಳ್ಳುತ್ತೇನೆ ಅಂದ. ಮಂಡಳಿ ಮರುದಿನವೇ ಅಡ್ಡಗೋಡೆ ಎಬ್ಬಿಸಿತು, ಯಾರಾದರೂ 15% ದಾಟಿದರೆ ಉಳಿದ ಷೇರುದಾರರಿಗೆ ಅಗ್ಗದಲ್ಲಿ ಹೊಸ ಷೇರು ಸಿಗುವ ಹಾಗೆ. ಆಮೇಲೆ 25ಕ್ಕೆ ಅದೇ ಮಂಡಳಿ ಒಪ್ಪಿ ಸಹಿ ಹಾಕಿತು. ಇಷ್ಟೂ ಒಂದೇ ತಿಂಗಳಲ್ಲಿ. ಮನೆಗೆ ಫ್ರಿಜ್ ತರೋಕೂ ನಾವು ಇದಕ್ಕಿಂತ ಜಾಸ್ತಿ ಯೋಚನೆ ಮಾಡುತ್ತೇವೆ.

ಅಸಲಿ ಕಥೆ ಇಲ್ಲಿಂದ. ಕಂಪನಿ ಕೊಳ್ಳುವವರು ಸಾಮಾನ್ಯವಾಗಿ ಸಹಿ ಹಾಕುವ ಮೊದಲು ಒಳಗಿನ ಕಾಗದಪತ್ರ ಎಲ್ಲಾ ಜಾಲಾಡುತ್ತಾರೆ. ಈತ ಅದು ಬೇಡ, ಬೇಗ ಮುಗಿಸಿ ಅಂತ ಬಿಟ್ಟುಕೊಟ್ಟ. ನಂತರ ಷೇರುಪೇಟೆ ಕುಸಿಯಿತು, ಟೆಸ್ಲಾ ಷೇರೂ ಜಾರಿತು, 54.20 ಅನ್ನೋದು ದುಬಾರಿಯಾಗಿ ಕಾಣತೊಡಗಿತು. ಜುಲೈ 8ಕ್ಕೆ ಒಪ್ಪಂದ ರದ್ದು ಅಂತ ಪತ್ರ ಕಳಿಸಿದ. ಕಾರಣ? ನಕಲಿ ಖಾತೆಗಳು ಜಾಸ್ತಿ ಇವೆಯಂತೆ. ಆದರೆ ಏಪ್ರಿಲ್‌ನಲ್ಲಿ ಕೊಳ್ಳುವಾಗ ಇದೇ ಬಾಟ್‌ಗಳನ್ನು ಓಡಿಸುತ್ತೇನೆ ಅಂತ ಹೇಳಿಕೆ ಕೊಟ್ಟವನೂ ಈತನೇ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು.

ನಾಲ್ಕು ದಿನಕ್ಕೆ ಟ್ವಿಟ್ಟರ್ ಅಮೆರಿಕದ ಡೆಲವೇರ್ ರಾಜ್ಯದ ಕೋರ್ಟಿಗೆ ಹೋಯಿತು. ಅಕ್ಟೋಬರ್ 17ಕ್ಕೆ ವಿಚಾರಣೆ ನಿಗದಿಯಾಯಿತು. ವಿಚಾರಣೆ ಹತ್ತಿರ ಬರುತ್ತಿದ್ದಂತೆ, ಪ್ರಮಾಣ ಮಾಡಿ ಹೇಳಿಕೆ ಕೊಡುವ ಹೊತ್ತಿಗೆ, ಸರಿ ಅದೇ ಬೆಲೆಗೆ ಕೊಳ್ಳುತ್ತೇನೆ ಅಂದ. 27ಕ್ಕೆ ವ್ಯವಹಾರ ಮುಗಿಯಿತು.

ಹಾಗಾಗಿ ನನ್ನ ಉತ್ತರ: ಹುಮ್ಮಸ್ಸಿನಲ್ಲಿ ಸಹಿ ಹಾಕಿದ, ಕಾನೂನು ಕೊಳ್ಳಿಸಿತು. ದೊಡ್ಡ ಯೋಜನೆ, ಮುಂದಾಲೋಚನೆ ಅಂತ ಈಗ ಹೇಳುವುದೆಲ್ಲಾ ಆಮೇಲೆ ಹೊಲಿಸಿದ ಅಂಗಿ.

ನಿದ್ದೆಗೆಟ್ಟವ:
ಆದರೆ ಒಪ್ಪಂದ ಮುರಿದರೆ 100 ಕೋಟಿ ಡಾಲರ್ ಕೊಟ್ಟರೆ ಸಾಕು ಅಂತ ಇತ್ತಲ್ಲ? ಅದನ್ನು ಬಿಸಾಕಿ ಎದ್ದು ಹೋಗಬಹುದಿತ್ತು. 4,400 ಕೋಟಿಯ ಮುಂದೆ ಅದು ಯಾವ ಲೆಕ್ಕ? ಹೋಗಲಿಲ್ಲ ಅಂದರೆ ಮನಸ್ಸಿತ್ತು ಅಂತಲೇ ಅರ್ಥ.

ಕರಾರುಪತ್ರ:
@ನಿದ್ದೆಗೆಟ್ಟವ ಟೀವಿಯವರು ಹಬ್ಬಿಸಿದ ತಪ್ಪು ಇದು. ಆ 100 ಕೋಟಿ ಎದ್ದು ಹೋಗುವ ಟಿಕೆಟ್ ಅಲ್ಲ. ಸಾಲ ಕೊಡುವವರು ಕೈ ಎತ್ತಿದರೆ, ಇಂಥ ಕೆಲವು ಸಂದರ್ಭಕ್ಕೆ ಮಾತ್ರ ಅದು. ಅದೇ ಕರಾರಿನಲ್ಲಿ, ಸಾಲದ ಹಣ ಸಿದ್ಧವಿದ್ದರೆ ವ್ಯವಹಾರ ಮುಗಿಸಲೇಬೇಕು ಅಂತ ಕೋರ್ಟಿನಿಂದ ಆದೇಶ ತರುವ ಹಕ್ಕೂ ಟ್ವಿಟ್ಟರ್‌ಗೆ ಇತ್ತು. ನ್ಯಾಯಾಧೀಶೆ ಕ್ಯಾಥಲೀನ್ ಮೆಕಾರ್ಮಿಕ್ ಅದರ ಹಿಂದಿನ ವರ್ಷವೇ ಇಂಥದೊಂದು ಆದೇಶ ಕೊಟ್ಟಿದ್ದರು. ಕೇಕ್ ಅಲಂಕಾರದ ಸಾಮಾನು ಮಾರುವ ಡೆಕೋಪ್ಯಾಕ್ ಅನ್ನೋ ಕಂಪನಿಯನ್ನು ಕೊಳ್ಳೋಕೆ ಹೋಗಿ, ಕೊರೋನಾ ಬಂತು ಬೇಡ ಅಂದವರಿಗೆ, ಆಗಲ್ಲ, ಕೊಳ್ಳಿ ಅಂದರು. ಮಸ್ಕ್ ವಕೀಲರು ಅದನ್ನು ಓದದೇ ಇರುತ್ತಾರಾ?

ತಲೆಹರಟೆ:
ಕೇಕ್ ಕೇಸಿಗೆ ಸಿಕ್ಕಿ ಟ್ವಿಟ್ಟರ್ ತಿನ್ನಬೇಕಾಯಿತು 😂

ಚುಕ್ಕಿಚಂದ್ರ:
ಕರಾರುಪತ್ರ ಹೇಳಿದ್ದು ಅಕ್ಟೋಬರ್ ಕಥೆ. ಪ್ರಶ್ನೆ ಇರೋದು ಏಪ್ರಿಲ್ ಬಗ್ಗೆ. ಸಹಿ ಹಾಕುವ ಹುಮ್ಮಸ್ಸು ಎಲ್ಲಿಂದ ಬಂತು? ಅದಕ್ಕೆ ಉತ್ತರ ಅದೇ ಕೋರ್ಟಿನ ಕಾಗದದಲ್ಲಿದೆ. ಆತನ ಫೋನಿನ ಮೆಸೇಜುಗಳು ಹೊರಬಂದವು. ಓದಿದರೆ ಏನು ಕಾಣುತ್ತೆ ಗೊತ್ತಾ? ಹತ್ತಿರದವರು, ಗೆಳೆಯರು ಎಲ್ಲರೂ ಕಿವಿ ಕಚ್ಚುತ್ತಿದ್ದಾರೆ. ಕೊಂಡುಬಿಡು, ನೀನೇ ಸರಿಮಾಡಬೇಕು, ನಾನೂ ದುಡ್ಡು ಹಾಕುತ್ತೇನೆ ಅಂತ. ಒಂದು ವಿಡಂಬನೆ ಸೈಟಿನ ಖಾತೆಯನ್ನು ಆ ಮಾರ್ಚ್‌ನಲ್ಲಿ ಟ್ವಿಟ್ಟರ್ ತಡೆದಿತ್ತು, ಅದರ ಸಿಟ್ಟೂ ಅಲ್ಲಿದೆ. ಇನ್ನೊಂದು ಕಡೆ, ಆತನ ವಿಮಾನ ಎಲ್ಲಿ ಹಾರುತ್ತಿದೆ ಅಂತ ಒಬ್ಬ ಹುಡುಗ ಹಾಕುತ್ತಿದ್ದ ಖಾತೆ. ಅದನ್ನು ನಿಲ್ಲಿಸು ಅಂತ 5,000 ಡಾಲರ್ ಕೊಡಲು ಹೋಗಿದ್ದ, ಹುಡುಗ ಒಪ್ಪಲಿಲ್ಲ.

ಹಣಕಾಸಿನ ತಲೆ ಇರುವವರು ದೊಡ್ಡ ದೊಡ್ಡ ಕಾರಣ ಹುಡುಕುತ್ತಾರೆ. ನನಗೆ ಕಾಣೋದು, ದಿನಕ್ಕೆ ಹತ್ತಾರು ಸಲ ಫೋನ್ ತೆಗೆದು ನೋಡುವ ಚಟದ ಮನುಷ್ಯ. ಚಟ ಹತ್ತಿದ ಜಾಗದ ಮೇಲೆ ಸಿಟ್ಟು ಬಂತು. ನಮಗೆ ಸಿಟ್ಟು ಬಂದರೆ ಆ್ಯಪ್ ಡಿಲೀಟ್ ಮಾಡುತ್ತೇವೆ, ನಾಲ್ಕು ದಿನ ಬಿಟ್ಟು ಮತ್ತೆ ಹಾಕಿಕೊಳ್ಳುತ್ತೇವೆ. ಆತನಿಗೆ ಬೇರೆ ದಾರಿ ಇತ್ತು.

ಹಳೇಕಡತ:
ಶ್ರೀಮಂತರು ಹೀಗೆ ಕೊಳ್ಳುವುದು ಹೊಸದೇನಲ್ಲ. ಜೆಫ್ ಬೆಜೋಸ್ 2013ರಲ್ಲಿ ವಾಷಿಂಗ್ಟನ್ ಪೋಸ್ಟ್ ಕೊಂಡದ್ದು 25 ಕೋಟಿ ಡಾಲರ್‌ಗೆ. ಸೇಲ್ಸ್‌ಫೋರ್ಸ್‌ನ ಮಾರ್ಕ್ ಬೆನಿಯಾಫ್ 2018ರಲ್ಲಿ ಟೈಮ್ ಪತ್ರಿಕೆ ಕೊಂಡರು. ಹೆನ್ರಿ ಫೋರ್ಡ್ ನೂರು ವರ್ಷದ ಹಿಂದೆ ಡಿಯರ್‌ಬಾರ್ನ್ ಇಂಡಿಪೆಂಡೆಂಟ್ ಅನ್ನೋ ವಾರಪತ್ರಿಕೆ ಕೊಂಡು ಯಹೂದಿಗಳ ಮೇಲೆ ವಿಷ ಕಾರಿಸಿದ, ಅದನ್ನು ತನ್ನ ಕಾರು ಡೀಲರುಗಳ ಮೂಲಕ ಹಂಚಿಸಿದ. ಕಾರು ಮಾರುವವನಿಗೆ ಪತ್ರಿಕೆ ಯಾಕೆ ಅಂತ ಆಗಲೂ ಜನ ಕೇಳಿರಬೇಕು.

ಸೋಶಿಯಲ್ ಮೀಡಿಯಾದಲ್ಲಿ ಕೈ ಸುಟ್ಟುಕೊಂಡವರೂ ಇದ್ದಾರೆ. ಮಾಧ್ಯಮ ದೊರೆ ಮರ್ಡೋಕ್ ಅವರ ಕಂಪನಿ 2005ರಲ್ಲಿ ಮೈಸ್ಪೇಸ್‌ಗೆ 58 ಕೋಟಿ ಡಾಲರ್ ಕೊಟ್ಟಿತು, 2011ರಲ್ಲಿ ಸುಮಾರು 3.5 ಕೋಟಿಗೆ ಕೈತೊಳೆದುಕೊಂಡಿತು. ಯಾಹೂ 2013ರಲ್ಲಿ ಟಂಬ್ಲರ್‌ಗೆ 110 ಕೋಟಿ ಡಾಲರ್ ಸುರಿಯಿತು, ಅದು ಕೈ ಬದಲಾಗುತ್ತಾ 2019ರಲ್ಲಿ ಪುಡಿಗಾಸಿಗೆ ಹೋಯಿತು. ಆದರೆ ಇವೆಲ್ಲಾ ಕಂಪನಿಗಳು ಲಾಭಕ್ಕಾಗಿ ಕೊಂಡದ್ದು. ಒಬ್ಬ ಮನುಷ್ಯ ತಾನೇ ಮುಂದೆ ನಿಂತು, ತನ್ನ ಹೆಸರಿನಲ್ಲಿ, ಇಷ್ಟು ದೊಡ್ಡದನ್ನು ಕೊಂಡದ್ದು ನನಗೆ ತಿಳಿದಂತೆ ಇದೇ ಮೊದಲು.

ಮಳೆಹುಳ:
ಪತ್ರಿಕೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಪತ್ರಿಕೆಯಲ್ಲಿ ಸಂಪಾದಕ ಅಂತ ಒಬ್ಬ ಇರುತ್ತಾನೆ, ಮಾಲೀಕ ಹೇಳಿದ್ದಕ್ಕೆ ರಾಜೀನಾಮೆ ಕೊಟ್ಟರೆ ಸುದ್ದಿಯಾಗುತ್ತೆ. ಇಲ್ಲಿ ಯಾವ ಪೋಸ್ಟ್ ಮೇಲೆ ಬರಬೇಕು, ಯಾವುದು ತಳಕ್ಕೆ ಹೋಗಬೇಕು ಅನ್ನೋದು ಕೋಡ್. ಅದು ರಾಜೀನಾಮೆ ಕೊಡಲ್ಲ.

ಬೆಕ್ಕಿನಮೀಸೆ:
ನನ್ನ ಹಳೆಯ ಕಂಪನಿಯ ಮಾಲೀಕರು ಒಂದು ಸಣ್ಣ ವ್ಯಾಪಾರಿ ವಾರಪತ್ರಿಕೆ ಕೊಂಡಿದ್ದರು. ಅದು ನಮ್ಮ ಉದ್ಯಮದವರು ಮಾತ್ರ ಓದುವಂಥದ್ದು, ಲಾಭ ಅನ್ನೋ ಪದವೇ ಅದಕ್ಕೆ ಗೊತ್ತಿರಲಿಲ್ಲ. ನಾವೆಲ್ಲಾ ಅಂದುಕೊಂಡೆವು, ಇನ್ನು ವಾರ ವಾರ ಸಾಹೇಬರ ಫೋಟೋ ಬರುತ್ತೆ ಅಂತ. ಒಂದೂ ಬರಲಿಲ್ಲ. ಆದದ್ದೇ ಬೇರೆ. ಮೊದಲು ನಮ್ಮ ಕಂಪನಿಗೆ ಸಾಮಾನು ಕೊಟ್ಟವರ ಬಾಕಿ ಬಗ್ಗೆ ಅದರಲ್ಲಿ ಆಗಾಗ ಸುದ್ದಿ ಬರುತ್ತಿತ್ತು, ಅದು ತಾನಾಗಿ ನಿಂತಿತು. ಮಾಲೀಕರು ನಿಲ್ಲಿಸಿ ಅಂತ ಒಂದು ಸಲವೂ ಹೇಳಿರಲಿಲ್ಲವಂತೆ, ಅಲ್ಲಿದ್ದ ಪರಿಚಯದವರೇ ಹೇಳಿದ್ದು. ಹೇಳುವ ಅಗತ್ಯವೇ ಬೀಳಲಿಲ್ಲ. ಪತ್ರಿಕೆಯವರೇ ಊಹಿಸಿಕೊಂಡರು. ಇನ್ನೂ ಮಜಾ ಅಂದರೆ ಬೇರೆ ಕಂಪನಿಗಳ ಮಾಲೀಕರು ನಮ್ಮ ಸಾಹೇಬರಿಗೆ ಜಾಸ್ತಿ ಮರ್ಯಾದೆ ಕೊಡಲು ಶುರು ಮಾಡಿದರು, ನಾಳೆ ನಮ್ಮ ಬಗ್ಗೆ ಏನಾದರೂ ಬಂದರೆ ಅಂತ.

ಹೊಗಳಿಸಿಕೊಳ್ಳೋಕೆ ಕೊಳ್ಳುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸುತ್ತ ಇರುವವರು ಬಾಯಿ ಬಿಗಿ ಹಿಡಿಯುವುದೇ ದೊಡ್ಡ ಲಾಭ.

ಗೂಬೆಕಣ್ಣು:
@ಬೆಕ್ಕಿನಮೀಸೆ ಸಖತ್ ಉದಾಹರಣೆ. ಆದರೆ ಮಸ್ಕ್ ಹೇಳದೇ ಸುಮ್ನೆ ಕೂರುವವನಲ್ಲ. 2023ರ ಫೆಬ್ರವರಿಯಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ದಿನ ಬೈಡನ್ ಹಾಕಿದ ಟ್ವೀಟ್ ಆತನ ಟ್ವೀಟ್‌ಗಿಂತ ಜಾಸ್ತಿ ಓಡಿತು ಅಂತ ರಾತ್ರೋರಾತ್ರಿ ಇಂಜಿನಿಯರುಗಳನ್ನು ಎಬ್ಬಿಸಿದ್ದು ವರದಿಯಾಗಿತ್ತು. ಮರುದಿನದಿಂದ ಎಲ್ಲರ ಟೈಮ್‌ಲೈನ್ ತುಂಬಾ ಆತನದೇ ಮುಖ. ನಾನು ಫಾಲೋ ಮಾಡದೇ ಇದ್ದರೂ!

ಚುಕ್ಕಿಚಂದ್ರ:
ನೋಡಿ, ನಾನು ಹೇಳಿದ್ದು ಇದೇ. ಚಟ.

ಸೊನ್ನೆಒಂದು:
ಯಾರೂ ಅಸಲಿ ವಿಷಯಕ್ಕೆ ಬರುತ್ತಿಲ್ಲ. ಡೇಟಾ. ಹದಿನೈದು ವರ್ಷಕ್ಕೂ ಜಾಸ್ತಿ ಕಾಲ ಕೋಟ್ಯಂತರ ಜನ ಮಾತಾಡಿದ್ದು, ಜಗಳ ಆಡಿದ್ದು, ಸುದ್ದಿ ಹೇಳಿದ್ದು ಎಲ್ಲಾ ಒಂದೇ ಕಡೆ ಇದೆ. ಎಐಗೆ ಬೇಕಾಗಿರೋದು ಅದೇ. 2023ರ ಫೆಬ್ರವರಿಯಲ್ಲಿ ಎಪಿಐ, ಅಂದರೆ ಹೊರಗಿನ ಸಾಫ್ಟ್‌ವೇರ್‌ಗಳು ಡೇಟಾ ಪಡೆಯುವ ದಾರಿ, ಇನ್ನು ಉಚಿತ ಇಲ್ಲ ಅಂದರು. ಜುಲೈ 1ಕ್ಕೆ ದಿನಕ್ಕೆ ಇಷ್ಟೇ ಪೋಸ್ಟ್ ಓದಬೇಕು ಅಂತ ಮಿತಿ ಹಾಕಿದರು, ದುಡ್ಡು ಕಟ್ಟದವರಿಗೆ ಮೊದಲು 600 ಅಂದರು. ಕಾರಣ ಹೊರಗಿನವರು ಡೇಟಾ ಎಳೆದುಕೊಳ್ಳುತ್ತಿದ್ದಾರೆ ಅಂತ. ಅದೇ ತಿಂಗಳು ಮಸ್ಕ್‌ನ ಎಐ ಕಂಪನಿ ಎಕ್ಸ್‌ಎಐ ಘೋಷಣೆ. ನವೆಂಬರ್‌ನಲ್ಲಿ ಅದರ ಚಾಟ್‌ಬಾಟ್ ಗ್ರಾಕ್. ಚುಕ್ಕಿ ಸೇರಿಸಿದರೆ ಚಿತ್ರ ಕಾಣುತ್ತೆ. ಇದು ಮೊದಲೇ ಹಾಕಿದ ಲೆಕ್ಕ.

ಕರಾರುಪತ್ರ:
@ಸೊನ್ನೆಒಂದು ನೀವು ಕೊಟ್ಟ ದಿನಾಂಕಗಳೇ ನಿಮ್ಮ ವಾದಕ್ಕೆ ಅಡ್ಡ ನಿಲ್ಲುತ್ತವೆ. ಎಲ್ಲಾ 2023ರದ್ದು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ, ಅಂದರೆ ಟ್ವಿಟ್ಟರ್ ಕೈಗೆ ಬಂದು ಒಂದು ತಿಂಗಳಾದ ಮೇಲೆ. ಆಮೇಲೆ ಡಿಸೆಂಬರ್‌ನಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐಗೆ ಟ್ವಿಟ್ಟರ್ ಡೇಟಾ ಸಿಗುತ್ತಿದೆ ಅಂತ ಈಗ ತಿಳಿಯಿತು, ತಡೆದಿದ್ದೇನೆ ಅಂತ ಆತನೇ ಬರೆದ. "ಈಗ ತಿಳಿಯಿತು"! ಡೇಟಾಗೋಸ್ಕರ ಕೊಂಡವನಿಗೆ ಅದು ಯಾರ ಕೈಗೆ ಹೋಗುತ್ತಿದೆ ಅಂತ ಕೊಂಡ ಮೇಲಾ ಗೊತ್ತಾಗೋದು?

ಸೊನ್ನೆಒಂದು:
ಓಪನ್‌ಎಐ ಕಟ್ಟಿದವರಲ್ಲಿ ಆತನೂ ಒಬ್ಬ, 2015ರಲ್ಲೇ. 2018ರಲ್ಲಿ ಹೊರಬಂದ. ಚಾಟ್‌ಜಿಪಿಟಿ ಬರುವ ಮೊದಲೇ ಇದರ ದಿಕ್ಕು ಆತನಿಗೆ ತಿಳಿದಿತ್ತು. ನಿಮಗೆ ನನಗೆ ತಿಳಿದಿರಲಿಲ್ಲ, ಅಷ್ಟೇ.

ಕರಾರುಪತ್ರ:
ತಿಳಿದಿದ್ದರೆ ಜುಲೈನಲ್ಲಿ ಬೇಡ ಅಂತ ಯಾಕೆ ಓಡಿದ?

ಸೊನ್ನೆಒಂದು:
ಬೆಲೆ ಇಳಿಸೋಕೆ. ಚೌಕಾಸಿ ಅಂತಾರೆ ಅದಕ್ಕೆ.

ನಿದ್ದೆಗೆಟ್ಟವ:
ಒಂದು ಪೈಸೆಯೂ ಇಳಿಯಲಿಲ್ಲವಲ್ಲ. ಇಂಥ ಚೌಕಾಸಿ ನಾನೂ ಮಾಡುತ್ತೇನೆ.

ತಲೆಹರಟೆ:
ಸಿಂಕ್ ಎತ್ತಿಕೊಂಡು ಆಫೀಸಿಗೆ ಬಂದ ವಿಡಿಯೋ ಯಾರ ಹತ್ತಿರ ಇದೆ? "ಲೆಟ್ ದಟ್ ಸಿಂಕ್ ಇನ್" ಅನ್ನೋ ಹಳೆಯ ಜೋಕಿಗೋಸ್ಕರ ಪಾತ್ರೆ ತೊಳೆಯೋ ತೊಟ್ಟಿ ಹೊತ್ತುಕೊಂಡು ಬಂದ ಮನುಷ್ಯನ ಬಗ್ಗೆ ನೀವೆಲ್ಲಾ ತಂತ್ರಗಾರಿಕೆ ಅಂತ ಮಾತಾಡುತ್ತಿದ್ದೀರಿ.

ಎಂಟುಡಾಲರ್:
ಮೊದಲು ಖಾತೆ ಅಸಲಿ ಅಂತ ತೋರಿಸುತ್ತಿದ್ದ ನೀಲಿ ಟಿಕ್‌ಗೆ ನಾನು ದುಡ್ಡು ಕಟ್ಟಿದವನು, ಬೈಯುವುದಿದ್ದರೆ ಬೈಯಿರಿ. ಮೊದಲನೇ ವಾರದ ಗಲಾಟೆ ನೆನಪಿದೆಯಾ? ಎಲಿ ಲಿಲ್ಲಿ ಔಷಧ ಕಂಪನಿ ಹೆಸರಲ್ಲಿ ಯಾರೋ 8 ಡಾಲರ್ ಕೊಟ್ಟು ಟಿಕ್ ತೆಗೆದುಕೊಂಡು, ಇನ್ಸುಲಿನ್ ಇನ್ನು ಉಚಿತ ಅಂತ ಹಾಕಿಬಿಟ್ಟ. ಕಂಪನಿಯವರು ಕ್ಷಮೆ ಕೇಳಿ ಅದು ನಮ್ಮದಲ್ಲ ಅಂತ ಹೇಳಬೇಕಾಯಿತು. ಮೊದಲೇ ಹಿಂದೆ ಸರಿಯುತ್ತಿದ್ದ ಜಾಹೀರಾತುದಾರರು ಇದರಿಂದ ಇನ್ನೂ ದೂರ ಓಡಿದರು. ಆದರೆ ಒಂದು ವಿಷಯದಲ್ಲಿ ಮಸ್ಕ್ ಸರಿ. ಸುಮಾರು 7,500 ನೌಕರರು ಇದ್ದರು, ಒಂದೇ ವಾರದಲ್ಲಿ ಅರ್ಧ ಜನರನ್ನು ತೆಗೆದ, ಆಮೇಲೆ ಇನ್ನೂ ತೆಗೆದ. ಸೈಟ್ ನಾಳೆ ನಿಲ್ಲುತ್ತೆ ನಾಡಿದ್ದು ನಿಲ್ಲುತ್ತೆ ಅಂತ ಎಲ್ಲಾ ಪಂಡಿತರು ಬರೆದರು. ನಿಲ್ಲಲಿಲ್ಲ.

ಮಳೆಹುಳ:
@ಎಂಟುಡಾಲರ್ ನಿಲ್ಲದೇ ಇದ್ದದ್ದು ನಿಜ, ಆದರೆ ನನ್ನಂಥವರಿಗೆ ನಿಂತ ಹಾಗೇ. ನಾನು ಹಕ್ಕಿ, ಹುಳಗಳ ಫೋಟೋ ಹಾಕುತ್ತಿದ್ದೆ. ಮೊದಲು ಪರಿಚಯವಿಲ್ಲದವರು ಬಂದು ಇದು ಯಾವ ಜಾತಿ, ಮರಿ ಯಾವಾಗ ಅಂತ ಕೇಳುತ್ತಿದ್ದರು. ಈಗ ಉತ್ತರದ ಜಾಗದಲ್ಲಿ ಟಿಕ್ ಇರುವವರದ್ದೇ ಸಾಲು, ಅದರಲ್ಲಿ ಅರ್ಧ ಬಾಟ್. ಓಡಿಸುತ್ತೇನೆ ಅಂದಿದ್ದು ಇದನ್ನೇ ತಾನೇ?

ಅಂಗಳ:
ವಾಕ್ ಸ್ವಾತಂತ್ರ್ಯದ ಮಾತು ಎತ್ತಬೇಡಿ ಅಂದಿದ್ದೀರಿ. ಆದರೂ ಎತ್ತುತ್ತೇನೆ, ಯಾಕೆಂದರೆ ಈ ಥ್ರೆಡ್ ಪೂರ್ತಿ ಒಂದೇ ಕಡೆ ವಾಲಿದೆ. ಹಳೆಯ ಟ್ವಿಟ್ಟರ್ ಏನು ಸಾಚಾನಾ? 2020ರ ಚುನಾವಣೆಗೆ ಮೊದಲು ಒಂದು ಪತ್ರಿಕೆಯ ಸುದ್ದಿಯ ಲಿಂಕ್ ಹಾಕಲೂ ಬಿಡಲಿಲ್ಲ. ಆಮೇಲೆ ಅದು ತಪ್ಪಾಗಿತ್ತು ಅಂತ ಆಗಿನ ಸಿಇಒ ಜ್ಯಾಕ್ ಡಾರ್ಸಿಯೇ ಒಪ್ಪಿದರು. ಮಸ್ಕ್ ಬಂದ ಮೇಲೆ ಟ್ರಂಪ್ ಖಾತೆ ವಾಪಸ್ ಬಂತು, ಅಲ್ಗಾರಿದಮ್ ಕೋಡಿನ ಒಂದು ಭಾಗ 2023ರಲ್ಲಿ ಎಲ್ಲರಿಗೂ ತೆರೆದಿಟ್ಟರು, ಸುಳ್ಳು ಸುದ್ದಿಯ ಕೆಳಗೆ ಓದುಗರೇ ಟಿಪ್ಪಣಿ ಹಾಕುವ ಕಮ್ಯುನಿಟಿ ನೋಟ್ಸ್ ತಂದರು. ಇದೆಲ್ಲಾ ಸುಳ್ಳಾ? 2022ರ ಏಪ್ರಿಲ್‌ನಲ್ಲಿ ಟೆಡ್ ವೇದಿಕೆಯಲ್ಲೇ, ಇದರ ಲಾಭನಷ್ಟ ನನಗೆ ಲೆಕ್ಕಕ್ಕೇ ಇಲ್ಲ ಅಂದಿದ್ದರು. ಒಬ್ಬ ಮನುಷ್ಯ ತಾನು ನಂಬಿದ್ದನ್ನೇ ಹೇಳುತ್ತಿರಬಹುದು ಅನ್ನೋ ಸಾಧ್ಯತೆಯೂ ಇರಲಿ.

ಹಳೇಕಡತ:
@ಅಂಗಳ ಕಮ್ಯುನಿಟಿ ನೋಟ್ಸ್ ಮಸ್ಕ್ ತಂದದ್ದಲ್ಲ. ಬರ್ಡ್‌ವಾಚ್ ಅನ್ನೋ ಹೆಸರಲ್ಲಿ 2021ರ ಜನವರಿಯಲ್ಲೇ ಶುರುವಾಗಿತ್ತು. ಹೆಸರು ಬದಲಾಯಿಸಿ ಬೆಳೆಸಿದ್ದು ಆಮೇಲೆ. ಅಷ್ಟಕ್ಕೆ ಶಹಬ್ಬಾಸ್ ಕೊಡೋಣ.

ಚುಕ್ಕಿಚಂದ್ರ:
ನಂಬಿಕೆ ಅಂತೀರಿ. ವಿಮಾನದ ಖಾತೆಯನ್ನು ಮುಟ್ಟಲ್ಲ, ನನ್ನ ವಾಕ್ ಸ್ವಾತಂತ್ರ್ಯದ ನಿಷ್ಠೆ ಅಂಥದ್ದು ಅಂತ 2022ರ ನವೆಂಬರ್‌ನಲ್ಲಿ ಹೇಳಿದ. ಡಿಸೆಂಬರ್‌ನಲ್ಲಿ ಅದನ್ನೂ ಕಿತ್ತ, ಅದರ ಬಗ್ಗೆ ಬರೆದ ಪತ್ರಕರ್ತರ ಖಾತೆಗಳನ್ನೂ ಕೆಲವು ದಿನ ಕಿತ್ತ. 2023ರ ಮೇನಲ್ಲಿ ಟರ್ಕಿ ಚುನಾವಣೆಯ ಹಿಂದಿನ ದಿನ ಅಲ್ಲಿನ ಸರ್ಕಾರ ಕೇಳಿದ ಪೋಸ್ಟುಗಳನ್ನು ಮರೆಮಾಡಿದರು. ಬ್ರೆಜಿಲ್‌ನಲ್ಲಿ ಮಾತ್ರ ಎದೆಯುಬ್ಬಿಸಿ ನಿಂತ, 2024ರ ಆಗಸ್ಟ್ ಕೊನೆಗೆ ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ಎಕ್ಸ್ (ಟ್ವಿಟ್ಟರ್‌ನ ಹೊಸ ಹೆಸರು) ಬಂದ್ ಮಾಡಿಸಿತು. ಅಕ್ಟೋಬರ್‌ನಲ್ಲಿ ದಂಡ ಕಟ್ಟಿ ವಾಪಸ್ ಬಂದರು.

ಅಂಗಳ:
ಟರ್ಕಿಯಲ್ಲಿ ಇಡೀ ಸೈಟ್ ಮುಚ್ಚುವುದಾ, ಕೆಲವು ಪೋಸ್ಟ್ ತೆಗೆಯುವುದಾ ಅನ್ನೋ ಆಯ್ಕೆ ಇತ್ತು. ಯಾವ ಮಾಲೀಕ ಇದ್ದರೂ ಅದೇ ಮಾಡುತ್ತಿದ್ದ.

ಚುಕ್ಕಿಚಂದ್ರ:
ಹಾಗಾದರೆ ಮಾಲೀಕ ಬದಲಾಗಿ ಆದ ಉಪಕಾರ ಏನು ಸ್ವಾಮಿ?

ಲೆಕ್ಕದಪುಸ್ತಕ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎರಡು ವಿಷಯ ಯಾರೂ ಮುಟ್ಟಲಿಲ್ಲ, ಎರಡೂ ದುಡ್ಡಿನದು.

ಒಂದು, "ಮಸ್ಕ್ ದುಡ್ಡು" ಅಂತ ಎಲ್ಲರೂ ಹೇಳುತ್ತಿದ್ದೀರಿ. ಪೂರ್ತಿ ಅಲ್ಲ. ಸುಮಾರು 1,300 ಕೋಟಿ ಡಾಲರ್ ಬ್ಯಾಂಕ್ ಸಾಲ, ಮಾರ್ಗನ್ ಸ್ಟಾನ್ಲಿ, ಬ್ಯಾಂಕ್ ಆಫ್ ಅಮೆರಿಕ, ಬಾರ್ಕ್ಲೇಸ್ ಹೀಗೆ. ಆ ಸಾಲ ಆತನ ತಲೆ ಮೇಲಲ್ಲ, ಟ್ವಿಟ್ಟರ್ ತಲೆ ಮೇಲೆ! ಕೊಳ್ಳಲು ಮಾಡಿದ ಸಾಲವನ್ನು ಕೊಂಡ ಕಂಪನಿಯೇ ತೀರಿಸಬೇಕು. ಅಂದಾಜು ವರ್ಷಕ್ಕೆ 100 ಕೋಟಿ ಡಾಲರ್‌ಗಿಂತ ಜಾಸ್ತಿ ಬಡ್ಡಿ, ಮೊದಲೇ ನಷ್ಟದಲ್ಲಿದ್ದ ಕಂಪನಿಗೆ. ಕಾನೂನಿಗೆ ಸರಿ, ದಿನಾ ನಡೆಯುವ ವ್ಯವಹಾರ, ಆದರೂ ನನಗೆ ಪ್ರತಿ ಸಲ ಮೈ ಉರಿಯುತ್ತೆ. ಮಿಕ್ಕಿದ್ದಕ್ಕೆ ಒರಾಕಲ್‌ನ ಲ್ಯಾರಿ ಎಲಿಸನ್ 100 ಕೋಟಿ, ಕ್ರಿಪ್ಟೋ ಕಂಪನಿ ಬೈನಾನ್ಸ್ 50 ಕೋಟಿ ಕೊಡುತ್ತೇವೆ ಅಂದರು, ಸೌದಿಯ ರಾಜಕುಮಾರ ಅಲ್ವಲೀದ್ ತನ್ನ ಷೇರು ಹಾಗೇ ಬಿಟ್ಟರು. ಉಳಿದದ್ದು ಟೆಸ್ಲಾ ಷೇರು ಮಾರಿದ್ದು. 2022ರಲ್ಲಿ ಮಾರಿದ್ದು ಎಲ್ಲಾ ಸೇರಿದರೆ 2,000 ಕೋಟಿ ಡಾಲರ್ ದಾಟುತ್ತೆ. ಅದೇ ವರ್ಷ ಟೆಸ್ಲಾ ಷೇರು ಸುಮಾರು 65% ಬಿತ್ತು. ಬೀಳೋಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು. ಈ ಹುಚ್ಚಿಗೆ ಕಾರು ಕಂಪನಿಯ ಷೇರುದಾರರು ಕಂದಾಯ ಕಟ್ಟಿದರು.

ಎರಡು, ಮೊದಲ 9.2% ಕೊಂಡ ರೀತಿ. ಅಮೆರಿಕದಲ್ಲಿ 5% ದಾಟಿದರೆ ಹತ್ತು ದಿನದೊಳಗೆ ಹೇಳಬೇಕಿತ್ತು. ಮಾರ್ಚ್ 24ಕ್ಕೆ ಹೇಳಬೇಕಿದ್ದದ್ದು ಏಪ್ರಿಲ್ 4ಕ್ಕೆ ಹೇಳಿದ, ಆ ಮಧ್ಯೆ ಕಡಿಮೆ ಬೆಲೆಗೆ ಕೊಳ್ಳುತ್ತಲೇ ಇದ್ದ, ಇದರಿಂದ ಕನಿಷ್ಠ 15 ಕೋಟಿ ಡಾಲರ್ ಉಳಿಸಿಕೊಂಡ ಅಂತ 2025ರ ಜನವರಿಯಲ್ಲಿ ನಿಯಂತ್ರಣ ಸಂಸ್ಥೆ ಕೇಸು ಹಾಕಿತು. ಲಾಭನಷ್ಟ ಲೆಕ್ಕಕ್ಕಿಲ್ಲ ಅಂದವನ ಮೇಲೆ ಇಂಥ ಕೇಸು.

ಎಂಟುಡಾಲರ್:
ಕೊನೆಗೆ ನಷ್ಟ ಆಯಿತಾ ಇಲ್ವಾ ಅದು ಹೇಳಿ ಸಾರ್.

ಲೆಕ್ಕದಪುಸ್ತಕ:
ಯಾರ ಲೆಕ್ಕದಲ್ಲಿ ಅನ್ನೋದರ ಮೇಲೆ ಹೋಗುತ್ತೆ. ಹಣ ಹಾಕಿದ್ದ ಹೂಡಿಕೆ ಸಂಸ್ಥೆ ಫಿಡೆಲಿಟಿ 2023ರ ಕೊನೆಗೆ ತನ್ನ ಪಾಲಿನ ಬೆಲೆಯನ್ನು 70%ಗೂ ಜಾಸ್ತಿ ಇಳಿಸಿ ತೋರಿಸಿತು. ಹೊರಗಿನವರ ಲೆಕ್ಕ ಇದು. ನಂತರ 2025ರ ಮಾರ್ಚ್‌ನಲ್ಲಿ ಎಕ್ಸ್‌ಎಐ ಬಂದು ಎಕ್ಸ್ ಅನ್ನು ಕೊಂಡಿತು, ಸಾಲ ಕಳೆದು 3,300 ಕೋಟಿ ಡಾಲರ್ ಅಂತ ಬೆಲೆ ಕಟ್ಟಿ. ಸಾಲ ಸೇರಿಸಿದರೆ 4,500 ಕೋಟಿ, ಅಂದರೆ 2022ರಲ್ಲಿ ಕೊಟ್ಟದ್ದಕ್ಕಿಂತ ಒಂದು ಕೂದಲು ಮೇಲೆ. ಎಷ್ಟು ಚೆನ್ನಾಗಿ ಹೊಂದಿತು ನೋಡಿ! ಮಾರುವವನೂ ಆತನೇ, ಕೊಳ್ಳುವವನೂ ಆತನೇ, ಕೊಟ್ಟದ್ದು ನಗದಲ್ಲ, ಷೇರು. ಬಲಗೈ ಎಡಗೈಗೆ ಕೊಟ್ಟ ರಸೀದಿಯನ್ನು ನಾನಂತೂ ಬೆಲೆ ಅಂತ ಒಪ್ಪಲ್ಲ.

ಸೊನ್ನೆಒಂದು:
ನೀವು ಒಪ್ಪದಿದ್ದರೂ ಬ್ಯಾಂಕುಗಳು ಒಪ್ಪಿದವು. ಎರಡು ವರ್ಷ ಯಾರಿಗೂ ಬೇಡವಾಗಿದ್ದ ಆ ಸಾಲದ ಪತ್ರಗಳನ್ನು 2025ರ ಆರಂಭದಲ್ಲಿ ಹೆಚ್ಚುಕಡಿಮೆ ಪೂರ್ತಿ ಬೆಲೆಗೇ ಮಾರಿಕೊಂಡರು. ಅದು ಬಲಗೈ ಎಡಗೈ ಅಲ್ಲ, ಹೊರಗಿನ ದುಡ್ಡು.

ಗೂಬೆಕಣ್ಣು:
2025ರ ಆರಂಭದಲ್ಲಿ ಬೇರೆ ಏನು ನಡೆದಿತ್ತು ಅಂತಲೂ ಹೇಳಿ. ಟ್ರಂಪ್ ಗೆದ್ದು ಕೂತಿದ್ದರು. ಮಸ್ಕ್ ಆ ಚುನಾವಣೆಗೆ 25 ಕೋಟಿ ಡಾಲರ್‌ಗೂ ಜಾಸ್ತಿ ಹಾಕಿದ್ದ, ಜೊತೆಗೆ ಎಕ್ಸ್‌ನಲ್ಲಿ ಹಗಲೂ ರಾತ್ರಿ ಪ್ರಚಾರ, ಗೆದ್ದ ಮೇಲೆ ಸರ್ಕಾರದ ಖರ್ಚು ಕತ್ತರಿಸುವ ಕೆಲಸ. ಬಿಟ್ಟು ಹೋದ ಜಾಹೀರಾತುದಾರರು ಕೆಲವರು ವಾಪಸ್ ಬಂದರು. 2023ರ ನವೆಂಬರ್‌ನಲ್ಲಿ ವೇದಿಕೆ ಮೇಲೆ ಕೂತು ಅವರನ್ನೇ ಹೊಲಸಾಗಿ ಬೈದಿದ್ದ. ಯಾಕೆ ಬಂದರು ಅಂದುಕೊಂಡಿದ್ದೀರಿ? ಬೆಕ್ಕಿನಮೀಸೆ ಹೇಳಿದ ಮರ್ಯಾದೆ ಇದೇ.

ನಿದ್ದೆಗೆಟ್ಟವ:
ಆ ಟ್ರಂಪ್ ಸ್ನೇಹ 2025ರ ಜೂನ್‌ನಲ್ಲಿ ಬೀದಿಜಗಳಕ್ಕೆ ತಿರುಗಿತ್ತಲ್ಲ. ಎಲ್ಲಿ ಜಗಳ ಆಡಿದ? ಎಕ್ಸ್‌ನಲ್ಲೇ. ಸ್ವಂತ ಮೈದಾನ ಇರುವುದರ ಲಾಭ.

ಕರಾರುಪತ್ರ:
ಎಲ್ಲರೂ ಮತ್ತೆ ಫಲದಿಂದ ಹಿಂದಕ್ಕೆ ನಡೆದು ಉದ್ದೇಶ ಹುಡುಕುತ್ತಿದ್ದೀರಿ. 2022ರ ಏಪ್ರಿಲ್‌ನಲ್ಲಿ ಆತ ಟ್ರಂಪ್ ಬೆಂಬಲಿಗನೇ ಅಲ್ಲ. ಅದೇ ಜುಲೈನಲ್ಲಿ, ಟ್ರಂಪ್ ಇನ್ನು ವಿಶ್ರಾಂತಿ ತೆಗೆದುಕೊಳ್ಳುವ ಕಾಲ ಅನ್ನೋ ಅರ್ಥದಲ್ಲಿ ಬರೆದಿದ್ದ. ವ್ಯವಹಾರ ಮುಗಿಯುವ ಒಂದು ವಾರ ಮೊದಲು ಟೆಸ್ಲಾ ಹೂಡಿಕೆದಾರರ ಕರೆಯಲ್ಲಿ, ನಾವು ಜಾಸ್ತಿ ಬೆಲೆ ಕೊಡುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿದ. ಯೋಜನೆ ಇದ್ದವನು ಹಾಗೆ ಹೇಳಲ್ಲ.

ಗೂಬೆಕಣ್ಣು:
ಅದೇ ವಾಕ್ಯದಲ್ಲಿ, ಮುಂದೆ ಇದರ ಬೆಲೆ ಈಗಿನದಕ್ಕಿಂತ ಎಷ್ಟೋ ಪಟ್ಟು ಆಗುತ್ತೆ ಅಂತಲೂ ಹೇಳಿದ್ದ. ಅರ್ಧ ಮಾತ್ರ ಓದಿದರೆ ಹೇಗೆ ವಕೀಲರೇ?

ಕರಾರುಪತ್ರ:
ದುಡ್ಡು ಹಾಕಿದವರು ಕೇಳುತ್ತಿರುವಾಗ ಇನ್ನೇನು ಹೇಳಬೇಕಿತ್ತು?

ಹಳೇಕಡತ:
ನನಗೆ ಮಸ್ಕ್‌ಗಿಂತ ಡಾರ್ಸಿ ವಿಚಿತ್ರ ಅನ್ನಿಸುತ್ತಾರೆ. ಕಂಪನಿ ಕಟ್ಟಿದವರಲ್ಲಿ ಒಬ್ಬರು, ಸುಮಾರು 2.4% ಷೇರು, 54.20ರ ಲೆಕ್ಕದಲ್ಲಿ 100 ಕೋಟಿ ಡಾಲರ್ ಹತ್ತಿರ. ಹೆಚ್ಚಿನ ಷೇರುದಾರರು ನಗದು ಎಣಿಸಿಕೊಂಡು ಹೋದರು. ಇವರು ಮಾರದೇ ಹೊಸ ಕಂಪನಿಯೊಳಗೇ ಬಿಟ್ಟರು. ಆಡಳಿತ ಮಂಡಳಿಯ ಮೇಲಿನ ಸಿಟ್ಟಾ, ಮಸ್ಕ್ ಮೇಲಿನ ಭಕ್ತಿಯಾ?

ಚುಕ್ಕಿಚಂದ್ರ:
ಏಪ್ರಿಲ್‌ನಲ್ಲಿ ಭಕ್ತಿ. ಇದನ್ನು ಸರಿಮಾಡಲು ನಾನು ನಂಬುವುದು ಇಲಾನ್ ಒಬ್ಬರನ್ನೇ ಅನ್ನೋ ಹಾಗೆ ಬರೆದಿದ್ದರು. ಒಂದು ವರ್ಷ ಆದ ಮೇಲೆ ಟ್ವಿಟ್ಟರ್‌ನಂಥದ್ದೇ ಆದ ಬ್ಲೂಸ್ಕೈ ಆ್ಯಪ್‌ನಲ್ಲಿ ಕೂತು, ಆತ ಸರಿಯಾದ ವ್ಯಕ್ತಿ ಅಂತ ಈಗ ಅನ್ನಿಸುತ್ತಿಲ್ಲ ಅಂದರು.

ತಲೆಹರಟೆ:
100 ಕೋಟಿ ಕೊಟ್ಟು ಕಲಿತ ಪಾಠವನ್ನು ಪಕ್ಕದ ಆ್ಯಪ್‌ಗೆ ಹೋಗಿ ಉಚಿತವಾಗಿ ಹೇಳಿದ್ದಾರೆ. ಇವರ ಬಗ್ಗೆ ಬೇರೆ ಥ್ರೆಡ್ ಹಾಕಿ, ನಾನು ಅಲ್ಲಿಗೂ ಬರುತ್ತೇನೆ.